ಟಾಲ್ಕಟ್‌ನ ಎಂಟನೇ ಗೋಲು

ಲೊರೇನ್ ಗುಜಿಕ್ ಮೂರು ವರ್ಷ ಹಲ್ಲು ಮಸೆದುಕೊಂಡೇ ಬದುಕಿದಳು, ಅದೂ ನಗುನಗುತ್ತಾ. ಓಸ್ವಿನ್ ಕಾಲೇಜಿನ ಲಕ್ರಾಸ್ ಹುಡುಗರಿಗೆ ಅವಳು ‘ಮಿಸೆಸ್ ಜಿ’. ಸಾಮಾನು ಕೋಣೆಯ ಕಿಟಕಿಯ ಹಿಂದೆ ಕೂತು ಅವರ ಕೋಲುಗಳಿಗೆ ಬಲೆ ಹೆಣೆದುಕೊಡುವ, ಬೆವರು ನಾರುವ ಜೆರ್ಸಿ ಒಗೆಯುವ, ಶುಕ್ರವಾರ ಪೋಲಿಷ್ ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಗಿ ಕಡುಬು ಬೇಯಿಸುವ ಅರವತ್ತೆರಡರ ಹೆಂಗಸು. ಅವಳ ಹೊಟ್ಟೆಯೊಳಗೆ ಏನು ಕುದಿಯುತ್ತಿದೆ ಅಂತ ಗೊತ್ತಿದ್ದದ್ದು ಗಂಡ ರೇ ಒಬ್ಬನಿಗೇ. ಅವನೋ, ಬಾಯಿ ಬಿಡುವ ಪೈಕಿಯಲ್ಲ.

ಬಲೆ ಕಟ್ಟುವುದು ಅಂದರೆ ಏನೋ ದಾರ ಗಂಟು ಹಾಕುವ ಕೆಲಸ ಅಂದುಕೊಂಡವರಿಗೆ ಏನು ಹೇಳೋಣ! ಲಕ್ರಾಸ್‌ನಲ್ಲಿ ಚೆಂಡು ಹಿಡಿಯುವುದೂ ಎಸೆಯುವುದೂ ಕೋಲಿನ ತುದಿಯ ಆ ಬಲೆಯಲ್ಲೇ. ಬಲೆ ಒಂದು ಎಳೆ ಸಡಿಲವಾದರೆ ಗೋಲಿಗೆ ಹೋಗಬೇಕಾದ ಚೆಂಡು ಪ್ರೇಕ್ಷಕರ ಮೂಗಿಗೆ ಹೋಗುತ್ತದೆ. ಲೊರೇನ್ ಈ ವಿದ್ಯೆ ಕಲಿತದ್ದು ಒನೊಂಡಾಗ ಮೂಲನಿವಾಸಿಗಳ ಊರಿನ ಆಲ್ವಿನ್ ಎಂಬ ಮುದುಕನ ಹತ್ತಿರ. ಅವನು ಅವಳಿಗೆ ಪ್ಲಾಸ್ಟಿಕ್ ತಲೆಯ ಕೋಲುಗಳನ್ನು ಮಾತ್ರ ಕೊಡುತ್ತಿದ್ದ. ಮರದ ಕೋಲು ಮುಟ್ಟಗೊಡುತ್ತಿರಲಿಲ್ಲ, ಅವರಲ್ಲಿ ಗಂಡಸರ ಮರದ ಕೋಲನ್ನು ಹೆಂಗಸರು ಮುಟ್ಟುವಂತಿಲ್ಲ. ಚರ್ಮದ ಪಟ್ಟಿ ಹಾಕಿ ಹೆಣೆಯುವ ಹಳೇ ಪದ್ಧತಿಯ ಬಲೆಯನ್ನು ಅವನೇ ಕಲಿಸಿದ್ದು. “ಚರ್ಮ ನೀರು ಕುಡಿಯುತ್ತೆ ಕಣಮ್ಮಾ, ಕುಡಿದು ಜೋತು ಬೀಳುತ್ತೆ. ಮಳೆ ಬಂದ ದಿನ ಮಧ್ಯದಲ್ಲೊಂದು ಸಲ ಬಿಗಿ ಮಾಡಲೇಬೇಕು,” ಅಂತ ಬೆರಳಲ್ಲಿ ಎಳೆದು ತೋರಿಸಿದ್ದ.

ಜೋತು ಬಿದ್ದರೆ ಏನಾಗುತ್ತೆ? ಅಲ್ಲೇ ಇರುವುದು ಕಥೆ. ಬಲೆಯಲ್ಲಿ ಚೆಂಡಿಟ್ಟು ಕೋಲನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದಾಗ ಚೆಂಡಿನ ನೆತ್ತಿ ಅಂಚಿನ ಕೆಳಗೆ ಮುಳುಗಿಬಿಟ್ಟರೆ ಆ ಕೋಲು ತಪ್ಪು ಕೋಲು. ಗೋಲು ಹೊಡೆದ ತಕ್ಷಣ ಎದುರು ತಂಡದ ಕೋಚ್ “ಕೋಲು ನೋಡಿ” ಅಂತ ಕೇಳಬಹುದು. ತಪ್ಪು ಕೋಲಾದರೆ ಗೋಲು ರದ್ದು, ಹುಡುಗ ಹೊರಗೆ.

ಓಸ್ವಿನ್‌ಗೆ ಬರುವ ಮೊದಲು ಲೊರೇನ್ ಇಪ್ಪತ್ತಾರು ವರ್ಷ ಸರೋವರದ ಆಚೆ ದಡದ ಟಾಲ್ಕಟ್ ಕಾಲೇಜಿನಲ್ಲಿದ್ದಳು. ಅಲ್ಲಿನ ಕೋಚ್ ಡಗ್ಲಸ್ ವಿಟ್ಬೆಕ್. ಎದೆಯುಬ್ಬಿಸಿ ನಡೆಯುವ, ಗೆದ್ದರೆ ‘ನಾನು’, ಸೋತರೆ ‘ಅವರು’ ಅನ್ನುವ ಜಾತಿಯ ಆಸಾಮಿ. ಮೂರು ವರ್ಷದ ಹಿಂದಿನ ಲೀಗ್ ಫೈನಲ್ ದಿನ ಧಾರಾಕಾರ ಮಳೆ. ಅರ್ಧ ಆಟ ಮುಗಿದಾಗ ಲೊರೇನ್ ಹೋಗಿ ಹೇಳಿದಳು:

“ಕೋಚ್, ಏಳನೇ ನಂಬರಿನವನ ಕೋಲಿನ ಚರ್ಮ ನೆಂದು ಮುದ್ದೆಯಾಗಿದೆ. ಎರಡು ನಿಮಿಷ ಕೊಡಿ, ಬಿಗಿ ಮಾಡಿಕೊಡ್ತೀನಿ.”

“ಹುಡುಗನ ಕೈ ಈಗ ಚೆನ್ನಾಗಿ ಓಡ್ತಿದೆ, ಈಗ ಕೋಲು ಕಿತ್ಕೋಬೇಕಾ? ಹೋಗು ಮಾರಾಯ್ತಿ, ಟವೆಲ್ ಮಡಚು ಹೋಗು!”

ಕೊನೆಯ ನಿಮಿಷದಲ್ಲಿ ಅದೇ ಹುಡುಗ ಗೆಲುವಿನ ಗೋಲು ಹೊಡೆದ. ಎದುರಿನವರು ಕೋಲು ನೋಡಿ ಅಂದರು. ಚೆಂಡು ಮುಳುಗಿತ್ತು. ಗೋಲು ಹೋಯಿತು, ಪಂದ್ಯ ಹೋಯಿತು. ಮಾರನೇ ದಿನ ಊರ ಪತ್ರಿಕೆಯಲ್ಲಿ ವಿಟ್ಬೆಕ್‌ನ ಮಾತು: “ಬಲೆ ಕಟ್ಟುವ ಹೆಂಗಸಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ತಪ್ಪು ಅಲ್ಲಿ ಆಗಿದೆ.” ಅವಳು ಎಚ್ಚರಿಸಿದ್ದು, ಅವನೇ ಅವಳನ್ನು ಓಡಿಸಿದ್ದು, ಅದರ ಬಗ್ಗೆ ಒಂದು ಅಕ್ಷರ ಇಲ್ಲ. ಸೋಮವಾರ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿದರು. ಇಪ್ಪತ್ತಾರು ವರ್ಷ ದುಡಿದವಳಿಗೆ ಒಂದು ಕಪ್ ಕಾಫಿಯ ಬೀಳ್ಕೊಡುಗೆಯೂ ಇಲ್ಲ! ಚರ್ಚಿನಲ್ಲಿ ಹೆಂಗಸರು ಅವಳ ಕನ್ನಡಕದ ಕಡೆ ನೋಡಿ ಕನಿಕರಿಸುತ್ತಿದ್ದರು. ಆ ಕನಿಕರಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಾಗಿತ್ತು.

“ಅವನಿಗೆ ಮಣ್ಣು ಮುಕ್ಕಿಸದೆ ನಾನು ಸಾಯಲ್ಲ,” ಅಂತ ಅವತ್ತು ಗಂಡನಿಗೆ ಹೇಳಿದಳು. “ಊಟ ಆರುತ್ತೆ, ತಿನ್ನು,” ಅಂದ ಅವನು.

ಅವಳನ್ನು ಕರೆದು ಕೆಲಸ ಕೊಟ್ಟವನು ಓಸ್ವಿನ್ ಕೋಚ್ ನಿಕ್ ರಿನಾಲ್ಡಿ. ಮೂವತ್ತನಾಲ್ಕರ ಹುಡುಗು ಕೋಚು, ಒಳ್ಳೆಯವನು, ಸ್ವಲ್ಪ ಹುಚ್ಚ. ಅವನದೊಂದು ಕಟ್ಟಳೆ ಇತ್ತು: ಲೀಗಿನ ಕೊನೆಯ ಪಂದ್ಯದ ಶಿಳ್ಳೆ ಊದುವವರೆಗೆ ಅಂಕಪಟ್ಟಿಯ ಮಾತು, ಶ್ರೇಯಾಂಕದ ಮಾತು ಯಾರೂ ಎತ್ತಬಾರದು. ಎತ್ತಿದವನು ನೀರಿನ ಟ್ಯಾಂಕಿನ ಗುಡ್ಡ ಹತ್ತಿ ಇಳಿಯಬೇಕು. ಒಮ್ಮೆ ಬಾಯಿ ತಪ್ಪಿ ತಾನೇ ಎತ್ತಿ, ತಾನೇ ಏದುಸಿರು ಬಿಡುತ್ತಾ ಹತ್ತಿದ್ದ. ಅವನು ಪಟ್ಟಿ ನೋಡುತ್ತಲೇ ಇರಲಿಲ್ಲ, ನೋಡಿದರೆ ಆಟ ಕೆಡುತ್ತೆ ಅನ್ನುತ್ತಿದ್ದ.

ಲೊರೇನ್ ನೋಡುತ್ತಿದ್ದಳು. ಟೇಪಿನ ಡಬ್ಬಿಯ ಹಿಂದೆ ಪೆನ್ಸಿಲಿನಲ್ಲಿ ಗೀಚಿ ಲೀಗಿನ ಏಳೂ ತಂಡಗಳ ಜಾತಕ ಬರೆದಿಟ್ಟುಕೊಂಡಿದ್ದಳು. ಅದರಲ್ಲೂ ಟಾಲ್ಕಟ್‌ನದು.

ಮೇ ತಿಂಗಳ ಮೊದಲ ಶನಿವಾರ ಲೀಗಿನ ಕೊನೆಯ ಪಂದ್ಯ: ಓಸ್ವಿನ್ ಅಂಗಳದಲ್ಲಿ ಓಸ್ವಿನ್ ಮತ್ತು ಟಾಲ್ಕಟ್. ಏಳರಲ್ಲಿ ನಾಲ್ಕು ತಂಡ ಮುಂದಿನ ಟೂರ್ನಿಗೆ. ಓಸ್ವಿನ್‌ಗೆ ಸೋತರೂ ಗೆದ್ದರೂ ಒಂದನೇ ಶ್ರೇಯಾಂಕ ಖಾತ್ರಿ. ಬುಧವಾರ ನಾಲ್ಕನೆಯವರು ಇಲ್ಲಿಗೇ ಬಂದು ಸೆಮಿಫೈನಲ್ ಆಡಬೇಕು. ಆ ನಾಲ್ಕನೇ ಜಾಗಕ್ಕೆ ಇಬ್ಬರ ಕಣ್ಣು: ಟಾಲ್ಕಟ್ ಮತ್ತು ಮಾರ್ಲೋ. ಅವರಿಬ್ಬರ ನಡುವಿನ ಪಂದ್ಯ ಏಪ್ರಿಲ್ ಹಿಮದಲ್ಲಿ ರದ್ದಾಗಿತ್ತು, ಹಾಗಾಗಿ ಸಮ ಬಂದರೆ ಗೋಲುಗಳ ಅಂತರವೇ ತೀರ್ಪು. ಮಾರ್ಲೋ ತನ್ನ ಆಟ ಬೆಳಿಗ್ಗೆಯೇ ಮುಗಿಸಿತ್ತು. ಲೊರೇನ್ ಲೆಕ್ಕ ಹಾಕಿದಳು: ಇವತ್ತು ಟಾಲ್ಕಟ್ ಸೋತರೂ ಎರಡು ಗೋಲಿನ ಅಂತರದೊಳಗೆ ಸೋತರೆ ಟೂರ್ನಿಯ ಒಳಗೆ. ಮೂರರಲ್ಲಿ ಸೋತರೆ ಮನೆಗೆ. ಮನೆಗೆ ಹೋದರೆ ವಿಟ್ಬೆಕ್‌ನ ಕೆಲಸವೂ ಮನೆಗೆ, ಯಾಕೆಂದರೆ ಎರಡು ವರ್ಷದಿಂದ ಅವನು ಟೂರ್ನಿಯ ಮುಖ ಕಂಡಿರಲಿಲ್ಲ, ಇದೇ ಕೊನೆಯ ಅವಕಾಶ ಅಂತ ಸರೋವರದ ಎರಡೂ ದಡಕ್ಕೆ ಗೊತ್ತಿತ್ತು.

ಇನ್ನೊಂದೂ ಅವಳಿಗೆ ಗೊತ್ತಿತ್ತು. ಟಾಲ್ಕಟ್ ಹೊರಗೆ ಬಿದ್ದರೆ ಬುಧವಾರ ಬರುವುದು ಮಾರ್ಲೋ. ಮಾರ್ಚ್‌ನಲ್ಲಿ ಓಸ್ವಿನ್ ಹುಡುಗರನ್ನು ಹದಿನಾಲ್ಕು-ಆರರಲ್ಲಿ ತೊಳೆದು ಹಾಕಿದ್ದವರು. ಆಮೇಲೆ ಅವರ ಗೋಲ್‌ಕೀಪರ್ ಹೆಬ್ಬೆರಳು ಮುರಿದುಕೊಂಡದ್ದಕ್ಕೇ ಅವರು ಕೆಳಗಿಳಿದದ್ದು. ಈಗ ಅವನು ವಾಪಸ್ ಬಂದಿದ್ದ.

ಆಟ ಶುರುವಾಗುವಾಗಲೇ ಮಳೆ. ಅರ್ಧ ಆಟದಲ್ಲಿ ಲೊರೇನ್ ತನ್ನ ಹುಡುಗರ ಕೋಲುಗಳನ್ನೆಲ್ಲ ಕಿತ್ತುಕೊಂಡು ಒಂದೊಂದೇ ಬಿಗಿ ಮಾಡಿದಳು. ನಾಯಕ ಎಮೆಟ್ ಡ್ವಯರ್ ಪಕ್ಕದಲ್ಲಿ ನಿಂತು ದಾರದ ತುದಿ ಹಿಡಿದುಕೊಟ್ಟ. ಟೈರ್ ಅಂಗಡಿಯವನ ಮಗ, ಕೊನೆಯ ವರ್ಷ. ನಾಲ್ಕು ವರ್ಷದಲ್ಲಿ ಒಂದು ಫೈನಲ್ ಕೂಡ ಆಡಿರಲಿಲ್ಲ.

“ಮಿಸೆಸ್ ಜಿ, ಈ ಸಲ ಫೈನಲ್ ಆಡೇ ಆಡ್ತೀವಿ ಅಲ್ವಾ?”

“ಗುಡ್ಡ ಹತ್ತಬೇಕಾ ನಿನಗೆ? ಬಾಯಿ ಮುಚ್ಚಿ ದಾರ ಹಿಡಿ,” ಅಂದಳು. ಅವನು ನಕ್ಕ.

ಎದುರು ಬೆಂಚಿನಲ್ಲಿ ಟಾಲ್ಕಟ್‌ನವರು ಕೋಲುಗಳನ್ನು ಟವೆಲಿನಲ್ಲಿ ಒರೆಸಿ ಹಾಗೇ ವಾಪಸ್ ಕೊಡುತ್ತಿದ್ದರು. ಲೊರೇನ್ ಕನ್ನಡಕ ಏರಿಸಿ ನೋಡಿದಳು. ಹತ್ತೊಂಬತ್ತನೇ ನಂಬರಿನವನದು ಚರ್ಮದ ಬಲೆ. ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ. ಮೂರು ವರ್ಷವಾದರೂ ಆ ಮನುಷ್ಯ ಒಂದು ಪಾಠ ಕಲಿತಿರಲಿಲ್ಲ!

ಕೊನೆಗೆ ಓಸ್ವಿನ್ ಹತ್ತು, ಟಾಲ್ಕಟ್ ಏಳು. ಮೂವತ್ತೊಂದು ಸೆಕೆಂಡು ಉಳಿದಿರುವಾಗ ಹತ್ತೊಂಬತ್ತರವನು ಇಬ್ಬರನ್ನು ತಪ್ಪಿಸಿ ನುಗ್ಗಿ ಹೊಡೆದ. ಹತ್ತು-ಎಂಟು. ಎದುರು ಬೆಂಚಿನಲ್ಲಿ ಸೋಲುತ್ತಿರುವವರು ಕುಣಿದಾಡಿದರು. ವಿಟ್ಬೆಕ್ ಎರಡೂ ಮುಷ್ಟಿ ಆಕಾಶಕ್ಕೆ ಎತ್ತಿದ. ಅವನಿಗೂ ಲೆಕ್ಕ ಗೊತ್ತಿತ್ತು.

ಲೊರೇನ್‌ಗೆ ಮೈಯೆಲ್ಲ ಉರಿ. ಒಂದು ಕ್ಷಣ ಎಮೆಟ್ ಕಡೆ ನೋಡಿದಳು. ಅವನು ಮಂಡಿಯ ಮೇಲೆ ಕೈಯೂರಿ ಉಸಿರು ತೆಗೆದುಕೊಳ್ಳುತ್ತಿದ್ದ. ಆ ಗೋಲು ನಿಂತರೆ ಬುಧವಾರ ಇದೇ ಟಾಲ್ಕಟ್, ಇವತ್ತು ಸೋಲಿಸಿದವರೇ. ಅದು ಅವಳಿಗೆ ಹಗಲಿನಷ್ಟು ಸ್ಪಷ್ಟವಿತ್ತು. ಆದರೂ ಕಾಲುಗಳು ರಿನಾಲ್ಡಿ ಕಡೆ ನಡೆದೇಬಿಟ್ಟವು.

“ನಿಕ್, ಹತ್ತೊಂಬತ್ತರವನ ಕೋಲು ನೋಡೋಕೆ ಹೇಳಿ.”

“ಖಂಡಿತಾನಾ? ನಮ್ಮ ಹತ್ರ ಟೈಮ್‌ಔಟ್ ಉಳಿದಿಲ್ಲ. ಕೋಲು ಸರಿ ಇದ್ರೆ ಅದರ ಬದಲು ದಂಡ ಅಂತ ನಮ್ಮವನೊಬ್ಬ ಹೊರಗೆ ಕೂರಬೇಕು.”

“ಸರಿ ಇಲ್ಲ ಅಂತ ನಾನು ಹೇಳ್ತಿದೀನಲ್ಲ.”

ರಿನಾಲ್ಡಿ ಅವಳ ಮುಖ ನೋಡಿದ. “ಬೇರೆ ಏನಾದ್ರೂ ಇದೆಯಾ, ನನಗೆ ಗೊತ್ತಿರಬೇಕಾದ್ದು?”

“ಏನಿಲ್ಲ,” ಅಂದಳು ಲೊರೇನ್.

ರೆಫರಿ ಕೋಲು ತೆಗೆದುಕೊಂಡ. ಚೆಂಡಿಟ್ಟು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಆಮೇಲೆ ಎರಡೂ ತೋಳು ಅಡ್ಡಡ್ಡ ಬೀಸಿದ. ಗೋಲಿಲ್ಲ.

ಹತ್ತು-ಏಳರಲ್ಲೇ ಪಂದ್ಯ ಮುಗಿಯಿತು. ಎರಡೂ ತಂಡದವರು ಸಾಲಾಗಿ ಕೈ ಕುಲುಕುವಾಗ ವಿಟ್ಬೆಕ್ ಸಾಲು ಬಿಟ್ಟು ಅವಳ ಮುಂದೆ ಬಂದು ನಿಂತ. ಮಳೆನೀರು ಅವನ ಟೋಪಿಯ ಅಂಚಿನಿಂದ ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ನೀನು ತಾನೇ ಹೇಳಿಕೊಟ್ಟಿದ್ದು?”

“ಹೌದು ಕೋಚ್. ಕಣ್ಣು ಮಂಜಾದವಳಿಗೂ ಕಾಣಿಸ್ತು ನೋಡಿ, ನಿಮಗೆ ಕಾಣಿಸಲಿಲ್ಲ. ಇನ್ನು ಮನೇಲಿ ಕೂತು ಟವೆಲ್ ಮಡಚಿ.”

ಅವನ ಮುಖದಲ್ಲಿ ರಕ್ತ ಇರಲಿಲ್ಲ. ಮೂರು ವರ್ಷ ಕನ್ನಡಿಯ ಮುಂದೆ ಅವಳು ಅಭ್ಯಾಸ ಮಾಡಿದ್ದ ಮಾತು, ಒಂದೂ ಅಕ್ಷರ ತಪ್ಪದೆ ಬಂದಿತ್ತು. ಲೊರೇನ್ ನೆಂದ ಜೆರ್ಸಿಗಳನ್ನು ಹಾಡು ಗುನುಗಿಕೊಂಡು ಒಗೆದಳು.

ಒಳಗೆ ಹುಡುಗರು ಫೋನ್ ತೆರೆದು, ಈಗ ಅಡ್ಡಿಯಿಲ್ಲದ ಪಟ್ಟಿ ನೋಡಿದರು. ಕೂಗಾಟ ತಟ್ಟನೆ ನಿಂತಿತು. “ಬುಧವಾರ ಮಾರ್ಲೋನಾ?” ಅಂತ ಯಾರೋ ಅಂದರು.

ಬುಧವಾರ ಮಾರ್ಲೋ ಹನ್ನೊಂದು-ಏಳರಲ್ಲಿ ಗೆದ್ದಿತು. ಹೆಬ್ಬೆರಳು ವಾಸಿಯಾದ ಆ ಗೋಲ್‌ಕೀಪರ್ ಎಮೆಟ್‌ನ ಆರು ಹೊಡೆತ ತಡೆದ. ಗುರುವಾರ ಟಾಲ್ಕಟ್ ಕಾಲೇಜು ವಿಟ್ಬೆಕ್‌ನನ್ನು ಕೆಲಸದಿಂದ ತೆಗೆದ ಸುದ್ದಿ ಪತ್ರಿಕೆಯಲ್ಲಿ ಬಂತು. ರೇ ಓದಿ ಹೇಳಿದ. ಲೊರೇನ್ ಎರಡನೇ ಸಲ ಓದಿಸಿ, ಎರಡನೇ ಸಲ ಊಟ ಬಡಿಸಿಕೊಂಡಳು.

ಅದೇ ಪುಟದ ಕೆಳಗೆ ಇನ್ನೊಂದು ಸುದ್ದಿ ಇತ್ತು. ಅದನ್ನು ರೇ ಓದಲಿಲ್ಲ, ಅವಳೇ ಓದಿಕೊಂಡಳು. ಒಂದನೇ ಶ್ರೇಯಾಂಕದ ಓಸ್ವಿನ್‌ನ ಕೋಚ್ ಪಟ್ಟಿ ನೋಡದೆ, ಬೇಡದ ಕಡೆ ಕೋಲು ಪರೀಕ್ಷೆ ಕೇಳಿ, ಕೈಯಾರೆ ಮಾರ್ಲೋವನ್ನು ಮನೆಗೆ ಕರೆದುಕೊಂಡ ಮೂರ್ಖ ಅಂತ ಬರೆದಿದ್ದರು. ಹುಡುಗರ ತಂದೆಯರು ಕಾಲೇಜಿಗೆ ಫೋನ್ ಮಾಡಿದ್ದರಂತೆ.

ಶುಕ್ರವಾರ ಹುಡುಗರು ಹೆಲ್ಮೆಟ್ಟು, ಪ್ಯಾಡು ವಾಪಸ್ ಕೊಡುವ ದಿನ. ಎಲ್ಲರೂ ಸಾಮಾನು ಕೋಣೆಯ ಮುಂದೆ ನೆಲದ ಮೇಲೆ ಕೂತಿದ್ದರು. ರಿನಾಲ್ಡಿ ಎದ್ದು ನಿಂತ. ಎರಡೇ ದಿನದಲ್ಲಿ ಸೊರಗಿದ್ದ.

“ತಪ್ಪು ನಂದು,” ಅಂದ. “ಪಟ್ಟಿ ನೋಡಬಾರದು ಅನ್ನೋ ಹುಚ್ಚು ಕಟ್ಟಳೆ ನಂದು. ಕೋಲು ನೋಡಿ ಅಂತ ಕೇಳಿದ್ದೂ ನಾನೇ. ಬೇರೆ ಯಾರ ಮೇಲೂ ಹಾಕಬೇಡಿ. ಕೊನೇ ವರ್ಷದವರಿಗೆ ನಾನು ಮುಖ ತೋರಿಸೋ ಹಾಗಿಲ್ಲ.”

ಅವನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಹೆಸರು ಎತ್ತಲೇ ಇಲ್ಲ. ಒಬ್ಬ ಕೋಚ್ ಹೀಗೂ ಮಾತಾಡಬಹುದು ಅಂತ ಇಪ್ಪತ್ತೊಂಬತ್ತು ವರ್ಷದಲ್ಲಿ ಲೊರೇನ್ ಕೇಳಿರಲಿಲ್ಲ. ಸುಮ್ಮನೆ ಕೂತಿದ್ದರೆ ಮುಗಿಯುತ್ತಿತ್ತು. ಕೂರಲಾಗಲಿಲ್ಲ.

“ನಿಕ್, ಸುಮ್ನಿರಿ,” ಅಂದಳು ಕಿಟಕಿಯ ಹಿಂದಿನಿಂದ. “ನನಗೆ ಗೊತ್ತಿತ್ತು. ಗೋಲು ಹೋದ್ರೆ ಮಾರ್ಲೋ ಬರುತ್ತೆ ಅಂತ ಬೆಳಿಗ್ಗೇನೇ ಲೆಕ್ಕ ಹಾಕಿದ್ದೆ. ನೀವು ಕೇಳಿದ್ರಿ, ನಾನು ಏನಿಲ್ಲ ಅಂದೆ. ವಿಟ್ಬೆಕ್‌ನ ನೆಲಕ್ಕೆ ಕೆಡವಬೇಕಿತ್ತು ನನಗೆ, ಅಷ್ಟೇ.”

ರಿನಾಲ್ಡಿ ಕೂತುಬಿಟ್ಟ. ಎಮೆಟ್ ಎದ್ದು ಕಿಟಕಿಯ ಹತ್ತಿರ ಬಂದ.

“ಅದು ನನ್ನ ಕೊನೇ ಪಂದ್ಯ, ಮಿಸೆಸ್ ಜಿ.”

“ಗೊತ್ತು ಮರೀ.”

“ಈಗ್ಲೂ ಖುಷಿ ಇದೆಯಾ, ಅವನು ಹೋಗಿದ್ದಕ್ಕೆ?”

ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳು ಸಾಕಾಗಿತ್ತು ಅವಳಿಗೆ. “ಇದೆ,” ಅಂದಳು.

ಎಮೆಟ್ ಹೆಲ್ಮೆಟ್ಟು, ಪ್ಯಾಡು ಕಿಟಕಿಯ ಕಟ್ಟೆಯ ಮೇಲಿಟ್ಟ. ಆಮೇಲೆ ತನ್ನ ಸ್ವಂತ ಕೋಲನ್ನೂ ಇಟ್ಟ. ಮೂರು ವರ್ಷ ಅವಳೊಬ್ಬಳೇ ಹೆಣೆದುಕೊಟ್ಟಿದ್ದ ಕೋಲು.

“ಇದು ವಾಪಸ್ ಕೊಡೋ ಸಾಮಾನಲ್ಲ, ನಿಂದೇ,” ಅಂದಳು ಲೊರೇನ್.

“ಕೋಲು ನಂದು. ಬಲೆ ನಿಮ್ದು. ಬಿಚ್ಚಿಕೊಡಿ.”

ಲೊರೇನ್ ಕತ್ತರಿ ಮುಟ್ಟಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮೊದಲ ಗಂಟಿಗೆ ಉಗುರು ಹಾಕಿದಳು. ಗಂಟುಗಳು ಬಿಗಿಯಾಗಿದ್ದವು, ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಹುಡುಗ ಕಿಟಕಿ ಬಿಟ್ಟು ಕದಲಲಿಲ್ಲ.