ಒಂಬತ್ತೂವರೆಗೆ ನಾಲ್ಕು ನಿಮಿಷ ಮುಂಚೆ

ಗೋಡೆಯ ಆಚೆಯಿಂದ ಗಂಟಲು ಕೆರೆಯುವ ಸದ್ದು. ಮೊದಲು ಸಣ್ಣ ಕೆಮ್ಮು, ಆಮೇಲೆ ಎದೆಯ ತಳದಿಂದ ಏನನ್ನೋ ಎಳೆದು ತರುವ ಶ್ರಮ, ಕೊನೆಗೆ ತೊಟ್ಟಿಗೆ ಏನೋ ಮೆತ್ತಗೆ ಬಿದ್ದ ಸದ್ದು, ಅದರ ಹಿಂದೆಯೇ ನಲ್ಲಿಯ ನೀರು. ಆ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ನಡುವಿನ ಗೋಡೆ ಒಂದು ಇಟ್ಟಿಗೆಯಷ್ಟು ದಪ್ಪ. ಪಕ್ಕದ ಮನೆಯ ಮುದುಕ ಹತ್ತೊಂಬತ್ತು ವರ್ಷಗಳಿಂದ ಬೆಳಿಗ್ಗೆ ಐದೂಮುಕ್ಕಾಲಿಗೆ ಹೀಗೇ ಮುಖ ತೊಳೆಯುತ್ತಿದ್ದ. ನೊರೀನ್ ಸಗ್ಡನ್ ಅದನ್ನು ಎಂದೂ ಕೇಳಿಸಿಕೊಂಡಿರಲಿಲ್ಲ. ಏಪ್ರಿಲ್ ತಿಂಗಳ ಆ ಮಂಗಳವಾರದ ನಂತರ ಬೆಳಿಗ್ಗೆ ಅದೊಂದೇ ಕೇಳಿಸತೊಡಗಿತು. ಅದು ಮುಗಿಯುವವರೆಗೆ ಅವಳು ಚಹಾದ ಬಟ್ಟಲನ್ನು ಬಾಯಿಗೆ ತರುತ್ತಿರಲಿಲ್ಲ.

ಇಂಗ್ಲೆಂಡಿನ ಹಾಥರ್ಸ್‌ಲಿಯ ಬಸ್ ಡಿಪೋದಲ್ಲಿ ನೊರೀನ್ ಇಪ್ಪತ್ಮೂರು ವರ್ಷಗಳಿಂದ ಡ್ರೈವರ್. ನಾನು ಅಲ್ಲಿನ ಕ್ಯಾಂಟೀನಿನಲ್ಲಿ ಚಹಾ ಮಾಡಿ, ಬ್ರೆಡ್ಡಿನ ಮೇಲೆ ಬೀನ್ಸ್ ಸುರಿದು ಕೊಡುತ್ತಿದ್ದೆ. ನೊರೀನ್ ಐವತ್ತನಾಲ್ಕರ ಹೆಂಗಸು, ಗಿಡ್ಡ, ಬಿಳಿಯಾಗುತ್ತಿರುವ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿದವಳು. ತಾನು ತಿಂದ ತಟ್ಟೆಯನ್ನು ತಾನೇ ಒರೆಸಿ ತಂದುಕೊಡುವಳು. ಏನು ಕೇಳಿದರೂ ಅವಳ ಉತ್ತರ ಒಂದೇ. "ನಂಗೇನಾಗಿದೆ ಚಿನ್ನ, ಚೆನ್ನಾಗಿದೀನಿ." ನಮ್ಮೂರಿನಲ್ಲಿ ಆಂಬುಲೆನ್ಸಿನಲ್ಲಿ ಮಲಗಿದವರೂ ಹೀಗೆಯೇ ಅನ್ನುತ್ತಾರೆ. ಗಲಾಟೆ ಮಾಡುವುದು ಇಲ್ಲಿ ಕಾಯಿಲೆಗಿಂತ ನಾಚಿಕೆಗೇಡು.

ಆ ಮಂಗಳವಾರ ನಡೆದದ್ದಿಷ್ಟು. ಅರವತ್ತು ದಾಟಿದವರ ಉಚಿತ ಪಾಸು ಬೆಳಿಗ್ಗೆ ಒಂಬತ್ತೂವರೆಗೆ ಮೊದಲು ನಡೆಯುವುದಿಲ್ಲ. ಒಂದೆರಡು ನಿಮಿಷ ಮುಂಚೆ ಬಂದ ಮುದುಕರಿದ್ದರೆ ನೊರೀನ್ ಬೂಟಿನ ದಾರ ಬಿಚ್ಚಿ, ಮತ್ತೆ ಕಟ್ಟಿ, ಹೊತ್ತು ಕಳೆದು ಹತ್ತಿಸಿಕೊಳ್ಳುವಳು. ಅಂದು ಡೆಸ್ಮಂಡ್ ಗಾರ್ಸೈಡ್ ಬಂದದ್ದು ಒಂಬತ್ತು ಇಪ್ಪತ್ತಾರಕ್ಕೆ. ನಾಲ್ಕು ನಿಮಿಷಕ್ಕೆ ಸಾಲುವಷ್ಟು ದಾರ ಅವಳ ಬೂಟಿಗಿರಲಿಲ್ಲ. ಹಿಂದೆ ಹದಿನಾಲ್ಕು ಜನ ಸಾಲಿನಲ್ಲಿದ್ದರು.

ಗಾರ್ಸೈಡ್ ನಿವೃತ್ತ ಸರ್ವೇಯರ್. ಚರ್ಚಿನ ಹಾಡಿನ ಮಂಡಳಿಯಲ್ಲಿ ಮುಂದಿನ ಸಾಲಿನವನು. ಕಂದು ಬೂಟಿಗೆ ದಿನವೂ ಪಾಲಿಶ್.

"ಒಂದು ಪೌಂಡ್ ಎಂಬತ್ತು ಪೆನ್ಸ್ ಆಗುತ್ತೆ ಸ್ವಾಮಿ. ಇಲ್ದಿದ್ರೆ ಮುಂದಿನ ಬಸ್ಸು," ಎಂದಳು ನೊರೀನ್.

"ನಾಲ್ಕು ನಿಮಿಷಕ್ಕಾ? ನನ್ನ ತೆರಿಗೆ ತಿಂದು ಕೂತಿರೋಳು ನೀನು."

"ಗಡಿಯಾರ ನಾನು ಮಾಡಿದ್ದಲ್ಲ."

ಡ್ರೈವರ್ ಮುಂದೆ ದಪ್ಪ ಪ್ಲಾಸ್ಟಿಕ್ಕಿನ ತಡೆ ಇರುತ್ತದೆ. ಹಣ ಕೊಡಲು ಅದರಲ್ಲಿ ಅಂಗೈ ಅಗಲದ ಕಿಂಡಿ. ಗಾರ್ಸೈಡ್ ಬಗ್ಗಿದ, ನಾಣ್ಯ ಹಾಕುತ್ತಾನೆಂದು ನೊರೀನ್ ಕೂಡ ಬಗ್ಗಿದಳು. ಅವನು ಆ ಕಿಂಡಿಗೆ ಬಾಯಿಟ್ಟು ಅವಳ ಮುಖಕ್ಕೆ ಉಗುಳಿ, ಇಳಿದುಹೋದ.

ಪ್ರತಿ ಬಸ್ಸಿನಲ್ಲೂ ಡ್ರೈವರ್ ಸೀಟಿನ ಕೆಳಗೆ ಹಸಿರು ಡಬ್ಬಿಯೊಂದಿದೆ. ಕೈಗವಸು, ಹತ್ತಿಯ ಕಡ್ಡಿ, ಮುದ್ರೆ ಹಾಕುವ ಚೀಲ. ಯಾರಾದರೂ ಉಗುಳಿದರೆ ಒರೆಸಬಾರದು. ಕಡ್ಡಿಯಿಂದ ತೆಗೆದು ಚೀಲದೊಳಗಿಡಬೇಕು. ಯಾರ ಉಗುಳೆಂದು ಪ್ರಯೋಗಾಲಯ ಹೇಳುತ್ತದೆ. ನೊರೀನ್ ಇದರ ತರಬೇತಿಯನ್ನು ಎರಡು ಸಲ ಪಡೆದವಳು. ಆದರೂ ಅವಳು ಮಾಡಿದ್ದು ಒದ್ದೆ ಕಾಗದದಿಂದ ಮುಖ ಒರೆಸಿದ್ದು. ಆಮೇಲೆ ಬಟ್ಟೆ ತೆಗೆದು ಕಿಂಡಿ ಒರೆಸಿದ್ದು, ಔಷಧಿ ಸಿಂಪಡಿಸಿ ಮತ್ತೊಮ್ಮೆ ಒರೆಸಿದ್ದು. ಹೊಳೆಯುವಷ್ಟು ಚೊಕ್ಕಟ ಮಾಡಿ, ಹದಿನಾಲ್ಕು ಜನರನ್ನೂ ಹತ್ತಿಸಿಕೊಂಡು, ಮೂರೇ ನಿಮಿಷ ತಡವಾಗಿ ಬಸ್ ಬಿಟ್ಟಳು.

ಮಧ್ಯಾಹ್ನ ಡಿಪೋದ ಮೇಲ್ವಿಚಾರಕ ಟ್ರೆವರ್ ಹಾಯ್ಲ್ ಕ್ಯಾಂಟೀನಿನಲ್ಲಿ ತಲೆ ಚಚ್ಚಿಕೊಂಡ.

"ಡಬ್ಬಿ ಯಾಕಮ್ಮಾ ತೆಗೀಲಿಲ್ಲ?"

"ಜನ ಕಾಯ್ತಿದ್ರು ಟ್ರೆವರ್."

"ಅವರೇನು ಹೆರಿಗೆಗೆ ಹೋಗ್ತಿದ್ರಾ?"

"ಮುಖದ ಮೇಲೆ ಅದನ್ನಿಟ್ಕೊಂಡು ಕೂತಿರೋಕಾಗುತ್ತಾ? ನಿನ್ನ ಮುಖಕ್ಕೆ ಬಿದ್ದಿದ್ರೆ?"

"ನನ್ನ ಮುಖಕ್ಕೆ ಮದುವೆ ಆದಾಗಿಂದ ಬೀಳ್ತಾನೇ ಇದೆ," ಎಂದ ಟ್ರೆವರ್. ಮೇಜಿನ ಸುತ್ತ ಕೂತವರು ನಕ್ಕರು. ನೊರೀನ್ ಕೂಡ ನಕ್ಕಳು. ನಗುತ್ತಲೇ ನನ್ನ ಹತ್ತಿರ ಬಂದು ಸಾಬೂನು ಕೇಳಿದಳು. ಆ ದಿನ ಅದು ಐದನೆಯ ಸಲ. ಬಾಯಿಯ ಸುತ್ತ ಚರ್ಮ ಕೆಂಪಾಗಿ, ಅಲ್ಲಲ್ಲಿ ಸುಲಿದಿತ್ತು.

ಸಂಜೆ ಹೇಳಿಕೆ ಬರೆದುಕೊಳ್ಳಲು ಕಾನ್‌ಸ್ಟೇಬಲ್ ಬಂದಳು. ಲೀಆನ್ ಪಿಕಲ್ಸ್ ಎಂದು ಹೆಸರು, ಇಪ್ಪತ್ತಾರರ ಹುಡುಗಿ. ನೊರೀನಳ ಬಸ್ಸಿನಲ್ಲೇ ಶಾಲೆಗೆ ಹೋಗಿ ಬೆಳೆದವಳು. ಆ ದಿನ ನೊರೀನ್ ಹೇಳಿದ್ದು ಎರಡೇ ವಾಕ್ಯ. ಉಗುಳಿದ. ನಂಗೇನೂ ಆಗಿಲ್ಲ ಚಿನ್ನ, ಇದಕ್ಕಿಂತ ಕೆಟ್ಟದ್ದು ಕಂಡಿದೀನಿ. ಲೀಆನ್ ಎರಡನ್ನೂ ಹಾಗೆಯೇ ಬರೆದುಕೊಂಡಳು.

ಎರಡನೆಯ ವಾಕ್ಯದ ಕೊನೆಯ ಅರ್ಧ ಸುಳ್ಳಲ್ಲ. ಸಾವಿರದ ಒಂಬೈನೂರ ಎಂಬತ್ಮೂರರಲ್ಲಿ ಅವಳ ಗಂಡ ಕೀತ್ ಅವಳ ದವಡೆ ಮುರಿದಿದ್ದ. ಹಲ್ಲುಗಳನ್ನು ತಂತಿಯಿಂದ ಕಟ್ಟಿಸಿಕೊಂಡು, ಆರು ವಾರ ಕೊಳವೆಯಲ್ಲಿ ಗಂಜಿಯಂಥ ಸೂಪು ಕುಡಿದಳು. ಆ ರಾತ್ರಿ ಬಂದ ಇಬ್ಬರು ಪೊಲೀಸರು ಅವಳ ಅಡುಗೆಮನೆಯಲ್ಲಿ ಅವಳ ಗಂಡನೇ ಮಾಡಿಕೊಟ್ಟ ಚಹಾ ಕುಡಿದು, ಅವನಿಗೆ ಸ್ವಲ್ಪ ಅಡ್ಡಾಡಿ ಬಾ ಎಂದು ಹೇಳಿ ಹೋಗಿದ್ದರು. ಮೂಳೆ ಮುರಿದರೆ ಏನೆಂದು ಕರೆಯಬೇಕೆಂಬುದು ರಾಣಿ ವಿಕ್ಟೋರಿಯಾಳ ಕಾಲದಲ್ಲೇ ಕಾನೂನಿನಲ್ಲಿ ಬರೆದಾಗಿತ್ತು. ಅವರು ಅದನ್ನು ಗಂಡ ಹೆಂಡತಿ ವಿಷಯ ಎಂದು ಕರೆದರು.

ಗಾರ್ಸೈಡ್ ಪೊಲೀಸರಿಗೆ ಹೇಳಿದ್ದು ಬೇರೆ. "ಥೂ ಅಂದೆ, ನಿಜ. ಬಾಯಿಂದ ಏನೂ ಬರಲಿಲ್ಲ." ಬಸ್ಸಿನ ಕ್ಯಾಮೆರಾದಲ್ಲಿ ಕಂಡದ್ದು ಅವನ ಬೆನ್ನು, ಟೋಪಿ. ಸಾಲಿನಲ್ಲಿದ್ದ ಹದಿನಾಲ್ಕು ಜನರಲ್ಲಿ ಸಿಕ್ಕವರು ಒಂಬತ್ತು. ಒಬ್ಬರು ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದರಂತೆ, ಒಬ್ಬರು ಆಕಾಶ ನೋಡುತ್ತಿದ್ದರಂತೆ. ಅವನ ಹಿಂದೆಯೇ ನಿಂತಿದ್ದವಳು ಅದೇ ಹಾಡಿನ ಮಂಡಳಿಯವಳು; ಡೆಸ್ಮಂಡ್ ಅಂಥವರಲ್ಲ ಎಂದು ಬರೆದುಕೊಟ್ಟಳು. ಈ ಒಂಬತ್ತು ಜನರೂ ದಿನವೂ ಇಳಿಯುವಾಗ ನೊರೀನಳಿಗೆ ಥ್ಯಾಂಕ್ ಯೂ ಹೇಳುತ್ತಿದ್ದರು. ಆಮೇಲೂ ಹೇಳಿದರು.

ಕಡತ ಮೇಜಿನಿಂದ ಮೇಜಿಗೆ ಅಲೆದು ಬೇಸಿಗೆ ಕಳೆಯಿತು. ಸೆಪ್ಟೆಂಬರ್ ಕೊನೆಯಲ್ಲಿ ಲೀಆನ್ ಮತ್ತೆ ಬಂದಳು. ಮಧ್ಯಾಹ್ನ, ನೊರೀನಳ ಊಟದ ಬಿಡುವು. ಕಿಟಕಿಯ ಪಕ್ಕದ ಮೇಜಿನಲ್ಲಿ ಇಬ್ಬರೂ ಕೂತರು. ನಾನು ಎರಡು ಚಹಾ ಇಟ್ಟೆ. ಟ್ರೆವರ್ ಪಕ್ಕದ ಕುರ್ಚಿಯನ್ನು ಎಳೆದುಕೊಂಡ.

ಲೀಆನ್ ಎರಡು ಕಾಗದ ಹೊರತೆಗೆದಳು. ಒಂದು ಗಾರ್ಸೈಡ್‌ನ ಪತ್ರ, ನೀಲಿ ಶಾಯಿ, ದುಂಡು ಅಕ್ಷರ. ನೊರೀನ್ ಅದನ್ನು ಗಟ್ಟಿಯಾಗಿ ಓದಿದಳು. "ಏಪ್ರಿಲ್ ತಿಂಗಳ ಪ್ರಸಂಗದಿಂದ ತಮಗೆ ಬೇಸರವಾಗಿದ್ದಲ್ಲಿ ವಿಷಾದಿಸುತ್ತೇನೆ. ಪಾಸಿನ ನಿಯಮಗಳು ಇನ್ನಷ್ಟು ಸ್ಪಷ್ಟವಾಗಿರಬೇಕೆಂಬುದೇ ನನ್ನ ಕಳಕಳಿ."

"ಇದರಲ್ಲಿ ಉಗುಳೋ ಮಾತೇ ಇಲ್ವಲ್ಲ," ಎಂದ ಟ್ರೆವರ್.

"ಜೋರಾಗಿ ಮಾತಾಡಿದ್ದು ತಪ್ಪು ಅಂತ ಠಾಣೇಲಿ ಒಪ್ಕೊಂಡಿದಾರೆ," ಎಂದಳು ಲೀಆನ್, ತಲೆ ತಗ್ಗಿಸಿಕೊಂಡು. "ಇದನ್ನ ಒಪ್ಕೊಂಡೆ ಅಂತ ಈ ಇನ್ನೊಂದು ಕಾಗದಕ್ಕೆ ನೀವು ಸಹಿ ಹಾಕಿದ್ರೆ ಇವತ್ತಿಗೆ ಮುಗೀತು. ಕೋರ್ಟಿಗೆ ಬರೋದು ತಪ್ಪುತ್ತೆ."

"ಹಾಕ್ದಿದ್ರೆ?"

"ಇದು ಸಾಮಾನ್ಯ ಹಲ್ಲೆ ನೊರೀನ್. ಮೂಗೇಟು ಗೀಗೇಟು ಇದ್ದಿದ್ರೆ ಒಂದು ಮೆಟ್ಟಿಲು ಮೇಲೆ. ಚರ್ಮ ಒಳಗಿನವರೆಗೂ ಹರಿದ್ರೆ, ಮೂಳೆ ಮುರಿದ್ರೆ ಇನ್ನೂ ಮೇಲೆ. ಉಗುಳು ಎಲ್ಲಕ್ಕಿಂತ ಕೆಳಗೆ. ಈ ಮೆಟ್ಟಿಲಿಗೆ ಆರೇ ತಿಂಗಳು ಗಡುವು. ಇನ್ನು ಎರಡು ವಾರ ಇದೆ. ಆಮೇಲೆ ಅವನೇ ಬಂದು ಉಗುಳಿದೆ ಅಂದ್ರೂ ಏನೂ ಮಾಡೋಕಾಗಲ್ಲ."

"ನನ್ನ ಹತ್ರ ಏನೂ ಉಳಿದಿಲ್ಲ. ಎಲ್ಲಾ ನಾನೇ ಒರೆಸಿಬಿಟ್ಟೆ."

"ನಿಮ್ಮ ಬಾಯ್ಮಾತೂ ಸಾಕ್ಷೀನೇ. ಕೋರ್ಟು ಬರೀ ಅದನ್ನೇ ನಂಬಬಹುದು. ಆದ್ರೆ ನೀವು ಏನೂ ಆಗಿಲ್ಲ ಅಂತ ಬರೆಸಿದೀರಿ." ಲೀಆನ್ ದನಿ ತಗ್ಗಿತು. "ಏನಾಯ್ತು ಅಂತ ಹೇಳಿದ್ರೆ ಇವತ್ತೇ ಬರ್ಕೊಂಡು ಕೊಡ್ತೀನಿ. ಪೂರ್ತಿ ಹೇಳ್ಬೇಕು. ನಾಳೆ ಅವನ ವಕೀಲನ ಎದುರಿಗೂ ಹೇಳ್ಬೇಕು."

ನೊರೀನ್ ಕ್ಯಾಂಟೀನಿನ ಸುತ್ತ ನೋಡಿದಳು. ಹನ್ನೆರಡು ಜನ ಡ್ರೈವರುಗಳು ಊಟ ಮಾಡುತ್ತಿದ್ದರು. ಬೇಕನ್ನಿನ ಜಿಡ್ಡು ವಾಸನೆ, ಸಾಸಿನ ಬಾಟಲಿ. ಅವಳು ಎಂದೂ ಊಟದ ಹೊತ್ತಿನಲ್ಲಿ ಯಾರ ಬಾಯಿರುಚಿಯನ್ನೂ ಕೆಡಿಸಿದವಳಲ್ಲ. ಲೇಖನಿ ಎತ್ತಿಕೊಂಡಳು, ಸಹಿ ಹಾಕಿಯೇ ಬಿಡುತ್ತಾಳೆಂದು ನನಗನ್ನಿಸಿತು. ಆದರೆ ಅದನ್ನು ಲೀಆನಳ ಕೈಗೆ ಕೊಟ್ಟಳು.

"ಬರ್ಕೋ. ನನ್ನ ಬಾಯಿ ತೆರೆದಿತ್ತು. ಮಾತಾಡ್ತಿದ್ದೆ. ಮೇಲಿನ ತುಟಿಗೆ ಬಿತ್ತು, ಒಳಗೆ ಹೋಯ್ತು."

ಹತ್ತಿರದ ಮೇಜಿನಲ್ಲಿ ಚಮಚದ ಸದ್ದು ನಿಂತಿತು.

"ಬೆಚ್ಚಗಿತ್ತು. ದಪ್ಪಗಿತ್ತು. ಅವನು ಬೆಳಿಗ್ಗೆ ಮೀನು ತಿಂದಿದ್ದ, ಒಣ ಮೀನು. ಅದು ನಂಗೆ ಹೇಗೆ ಗೊತ್ತು ಅಂತ ವಕೀಲ ಕೇಳಿದ್ರೆ, ರುಚಿ ನೋಡಿದೀನಿ ಅಂತ ಹೇಳ್ತೀನಿ. ಅರ್ಧ ನುಂಗಿದೀನಿ. ಬಸ್ಸು ನಿಲ್ಸಿ ವಾಂತಿ ಮಾಡೋಕೆ ಜಾಗ ಇರ್ಲಿಲ್ಲ, ಕೊನೇ ನಿಲ್ದಾಣದವರೆಗೆ ತಡ್ಕೊಂಡೆ."

ಟ್ರೆವರ್ ತನ್ನ ತಟ್ಟೆಯನ್ನು ದೂರ ತಳ್ಳಿದ.

"ಐದೂವರೆ ತಿಂಗಳಾಯ್ತು, ನಾನು ನನ್ನ ಮೊಮ್ಮಗಳ ಕೆನ್ನೆಗೆ ಮುತ್ತು ಕೊಟ್ಟಿಲ್ಲ. ಬರ್ದೆಯಾ?"

"ಬರ್ದೆ," ಎಂದಳು ಲೀಆನ್.

"ದವಡೆ ಮುರಿದಾಗ ನೋವಾಗಿತ್ತು. ಇದು ನೋವಲ್ಲ. ಇದಕ್ಕೆ ನಿಮ್ಮ ಕಾನೂನು ಯಾವ ಮೆಟ್ಟಿಲು ಬೇಕಾದ್ರೂ ಕೊಡ್ಲಿ, ಆದ್ರೆ ಹಲ್ಲೆ ಅಂತ ಹೆಸರಿಟ್ಟು ಕರೀಲಿ." ಹೇಳಿಕೆಯ ಕೆಳಗೆ ಅವಳು ಸಹಿ ಹಾಕಿದಳು, ಗಾರ್ಸೈಡ್‌ನ ಪತ್ರವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಲೀಆನಳ ಕಡೆಗೆ ಸರಿಸಿದಳು. ಎದ್ದು ಕೋಟು ಹಾಕಿಕೊಂಡಳು, ಟಿಕೆಟ್ ಪೆಟ್ಟಿಗೆ ಎತ್ತಿಕೊಂಡಳು.

"ಇನ್ನೊಂದಿದೆ, ಅದನ್ನೂ ಸೇರಿಸ್ಕೋ. ಅವನು ಉಗುಳಿದ್ಮೇಲೆ ನಾನೇನಂದೆ ಗೊತ್ತಾ? ಸಾರಿ ಅಂದೆ. ನಾನು, ಅವನಿಗೆ. ಅದನ್ನ ಕೋರ್ಟಲ್ಲಿ ಗಟ್ಟಿಯಾಗಿ ಓದ್ಲಿ, ಅವನು ನಿಂತ್ಕೊಂಡು ಕೇಳಿಸ್ಕೊಳ್ಲಿ, ಆ ಆಕಾಶ ನೋಡ್ತಿದ್ದೋರೂ ಬಂದು ಕೂತ್ಕೊಳ್ಲಿ, ಆಮೇಲೆ ಅವರೆಲ್ಲ ನನ್ನ ಮುಖ ನೋಡಿ ಥ್ಯಾಂಕ್ ಯೂ ಅನ್ಲಿ," ಎನ್ನುತ್ತಲೇ ಅವಳು ಭುಜದಿಂದ ಬಾಗಿಲು ತಳ್ಳಿಕೊಂಡು ಬಸ್ಸಿನ ಕಡೆಗೆ ನಡೆದಳು.