ಟೀಚರ್ ಕಲಿಸಿದ ಲ್ಯಾಟಿನ್ ಹಾಡು

ಹೋದ ವಾರ ನ್ಯಾಮತಿಯ ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಂದ ಬಿಸಿ ಕಾಗದದ ವಾಸನೆಗೆ ನಮ್ಮ ಬೀದಿಯಲ್ಲಿದ್ದ ಸಂಗೀತದ ಟೀಚರ್ ನೆನಪಾದರು. ಅವರೂ ಹೀಗೇ ಬಿಸಿಯಾರದ ಹಾಳೆಗಳನ್ನು ತಂದು ನಮ್ಮ ಕೈಗಿಡುತ್ತಿದ್ದರು...

ದೂರದ ಯಾವುದೋ ಕಾನ್ವೆಂಟಿನಲ್ಲಿ ಹಾಡು ಕಲಿಸಿ, ನಿವೃತ್ತರಾಗಿ ಬಂದಿದ್ದರು. ನೂರಾರು ವರ್ಷ ಹಳೆಯ ಲ್ಯಾಟಿನ್ ಪದ್ಯಗಳಿಗೆ ತಾವೇ ಸ್ವರ ಹಾಕುವುದು ಅವರ ಹುಚ್ಚು. ಬೀದಿಯ ಎಂಟು ಹೆಂಗಸರು ಸಂಜೆ ಅವರ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಇಬ್ಬಿಬ್ಬರ ನಾಲ್ಕು ಗುಂಪು, ಒಂದೇ ಪದ್ಯವನ್ನು ಏಕಕಾಲಕ್ಕೆ ನಾಲ್ಕು ಬಗೆಯಲ್ಲಿ ಹಾಡಬೇಕು. ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತಿದ್ದರು. ಅರ್ಥ ಕೇಳಿದರೆ ಮಾತ್ರ, ಮೊದಲು ದನಿ ಕೂಡಲಿ ಎಂದು ಜಾರಿಕೊಳ್ಳುತ್ತಿದ್ದರು.

ನನಗೆ ಅಲ್ಲೇ ಅನುಮಾನ ಹುಟ್ಟಿತು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಚರ್ಚಿನ ಭಾಷೆ. ಒಳ್ಳೆಯದೇ ಆಗಿದ್ದರೆ ಅರ್ಥ ಯಾಕೆ ಮುಚ್ಚಿಡಬೇಕು? ನಮ್ಮತ್ತೆ ಬೇರೆ, "ಏನು ಹಾಡ್ತೀಯ ಅಂತ ನಿನಗಾದ್ರೂ ಗೊತ್ತೈತಾ?" ಎಂದರು. ಒಂದು ಸಂಜೆ ಟೀಚರ್ ಒಳಗೆ ಹೋದಾಗ ಮೂಲ ಹಾಳೆಯ ಫೋಟೊ ತೆಗೆದು ಮೊಬೈಲಿನಲ್ಲಿ ಅರ್ಥ ಹುಡುಕಿದೆ. ದೇವರು, ಬಾಗಿಲು, ಹಳೆಯದನ್ನು ಬಿಡು, ಬಾ... ಹರಕುಮುರುಕು ಪದಗಳು. ನನಗೆ ಅಷ್ಟೇ ಸಾಕಾಯಿತು. ಇವರು ನಮ್ಮನ್ನು ಮೆಲ್ಲಗೆ ಬೇರೆ ದಾರಿಗೆ ಎಳೆಯುತ್ತಿದ್ದಾರೆ ಎಂದು ಏಳೂ ಮನೆಗೆ ಹೋಗಿ ಹೇಳಿದೆ.

ಮರುದಿನದಿಂದ ಯಾರೂ ಹೋಗಲಿಲ್ಲ. ಮೂರು ಸಂಜೆ ಚಾಪೆ ಹಾಸಿ ಕಾದರಂತೆ. ನಾಲ್ಕನೆಯ ದಿನ ನಮ್ಮ ಮನೆ ಬಾಗಿಲಿಗೇ ಬಂದರು. ನಾನು ಮೊಬೈಲ್ ತೋರಿಸಿದೆ. ಓದಿ ಮೊಬೈಲ್ ವಾಪಸ್ ಕೊಟ್ಟರು.

"ಚಳಿ ಹೋತು, ಹಳೇ ಕಂಬ್ಳಿ ಬಿಡು, ಬಾಗ್ಲು ತೆಗೆದು ಬಾ ಅಂತ ಒಬ್ಬ ಹುಡುಗ ಕರೀತಾನವ್ವ. ದೇವ್ರಾಣೆ ಬರಲ್ಲ ಅಂತಾಳೆ ಹುಡುಗಿ. ಇಷ್ಟೇ ಐತೆ ಅದರಾಗೆ," ಎಂದರು. "ಅರ್ಥ ಗೊತ್ತಾದ್ರೆ ನಾಚ್ಕೊಂಡು ಹಾಡೋದೇ ಬಿಡ್ತೀರಿ ಅಂತ ಹೇಳಿರಲಿಲ್ಲ."

ನಿಜವೋ, ಆಗ ಕಟ್ಟಿದ ಕಥೆಯೋ ಎಂದು ಅವರ ಮುಖವನ್ನೇ ನೋಡುತ್ತಾ ನಿಂತೆ. ಒಳಗೆ ಬನ್ನಿ ಎನ್ನಲಿಲ್ಲ. ಆ ತಿಂಗಳೇ ಅವರು ಮನೆ ಖಾಲಿ ಮಾಡಿ ಜಗಳೂರಿನ ತಂಗಿಯ ಮನೆಗೆ ಹೋದರು...

ಜಗಳೂರಿಗೆ ಹೋಗಿ ಅವರನ್ನು ನೋಡಿಬರೋಣ ಎಂದು ಮೊನ್ನೆ ಎದುರುಮನೆಯ ಗೆಳತಿಯನ್ನು ಕರೆದೆ. ಅವಳೂ ಆ ಎಂಟು ಜನರಲ್ಲಿ ಒಬ್ಬಳು. ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಅವರು ತೀರಿಕೊಂಡು ವರ್ಷ ಆತು. ನಾವು ಏಳೂ ಜನ ಮಣ್ಣಿಗೆ ಹೋಗಿದ್ವಿ."

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೆಂಗೆ ಹೇಳಾಕೆ ಆಗುತ್ತೆ? ಅಲ್ಲಿ ಅವರ ಹಾಡೇ ಹಾಡಿದ್ವಿ. ಅದರ ಅರ್ಥ ಏನು ಅಂತ ನೀನು ಮತ್ತೆ ಕೇಳ್ತಿದ್ದಿ."