ಅಂಜುನಾ ಸಂತೆಯಲ್ಲಿ ಲೋಸರ್ ಹಬ್ಬ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಅಪ್ಪ ಧಾರವಾಡ ಬಿಟ್ಟು ಗೋವಾಕ್ಕೆ ಬಂದು ಪರ್ವರಿಯಲ್ಲಿ ಚಾದರದ ಅಂಗಡಿ ಇಟ್ಟಿದ್ದರು. ಬುಧವಾರ ಮಾತ್ರ ಅಂಗಡಿಗೆ ಬೀಗ ಹಾಕಿ, ಗಂಟು ಹೊತ್ತುಕೊಂಡು ಅಂಜುನಾ ಕಡಲತೀರದ ಸಂತೆಗೆ ಹೋಗುತ್ತಿದ್ದರು. ನಾವು ಬಂದ ಮೊದಲ ವರ್ಷವೇ ಹಟ ಮಾಡಿ ನಾನೂ ಒಂದು ದಿನ ಜೊತೆಗೆ ಹೋದೆ.

ತೆಂಗಿನ ಮರಗಳ ಕೆಳಗೆ ಗಾಳಿಗೆ ಪಟಪಟಿಸುವ ಬಣ್ಣದ ಬಟ್ಟೆಗಳು, ಅಗರಬತ್ತಿಯ ಹೊಗೆ, ಒಣಮೀನಿನ ವಾಸನೆ. ಕನ್ನಡಿ ಕೂರಿಸಿದ ಚೀಲಗಳನ್ನು ನೋಡುತ್ತ ನಿಂತವಳು ತಿರುಗಿದರೆ ಅಪ್ಪ ಇಲ್ಲ! "ಅಪ್ಪಾ, ಎಲ್ಲಿ ಹೋದಿ?" ಎಂದು ಬಾಯಿಬಿಟ್ಟು ಅತ್ತೆ. ಜನ ಸುತ್ತುಗಟ್ಟಿ ಕೊಂಕಣಿಯಲ್ಲಿ, ಹಿಂದಿಯಲ್ಲಿ ಏನೇನೋ ಕೇಳಿದರು. ನನಗೊಂದೂ ತಿಳಿಯಲಿಲ್ಲ. ಅವರು ಹತ್ತಿರ ಬಂದಷ್ಟೂ ನನ್ನ ಅಳು ಜೋರಾಯಿತು.

ಆಗ ಹವಳದ ಸರ ಮಾರುತ್ತಿದ್ದ ಹೆಂಗಸೊಬ್ಬರು ಎದ್ದು ಬಂದರು. ಕಾಲು ಮುಚ್ಚುವ ಕಪ್ಪು ಅಂಗಿ, ಸೊಂಟದ ಮುಂದೆ ಬಣ್ಣದ ಪಟ್ಟೆಗಳ ವಸ್ತ್ರ, ಎರಡು ಜಡೆ, ದುಂಡು ಮುಖ. ಅಂಥವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಇವರ ಮಾತೂ ತಿಳಿಯುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಅವರು ನನ್ನೆದುರು ಕುಕ್ಕರಗಾಲಲ್ಲಿ ಕೂತು ಕೇಳಿದರು:

"ಯಾಕವ್ವಾ ಅಳಾಕತ್ತಿ? ನಿಮ್ಮಪ್ಪ ಎಲ್ಲಿ ಕಳದುಹೋಗ್ಯಾನ?"

ಥೇಟ್ ನಮ್ಮ ಅವ್ವನ ಮಾತು! ನನ್ನ ಅಳು ಗಕ್ಕನೆ ನಿಂತಿತು.

ಅಪ್ಪನನ್ನು ಹುಡುಕಲು ಪಕ್ಕದ ಅಂಗಡಿಯವರನ್ನು ಕಳಿಸಿ, ನನ್ನನ್ನು ತಮ್ಮ ಚಾಪೆಯ ಮೇಲೆ ಕೂರಿಸಿಕೊಂಡರು. ಡಬ್ಬಿಯಿಂದ ಹೆಣೆದು ಕರಿದ ಗರಿಗರಿ ತಿಂಡಿ ಕೊಟ್ಟರು. ಬೆಣ್ಣೆ ಹಾಕಿದ ಬಿಸಿ ಚಹಾವನ್ನೂ ಕೊಟ್ಟರು. ಗುಟುಕರಿಸಿದರೆ ಉಪ್ಪು! ನನ್ನ ಮುಖ ನೋಡಿ ಅವರು ಕಣ್ಣು ಮುಚ್ಚಿಹೋಗುವಂತೆ ನಕ್ಕರು.

"ಇವತ್ತ ಲೋಸರ್, ನಮ್ಮ ಹೊಸ ವರ್ಷ. ನನ್ನ ಮಗಳು ಊರಾಗ ಅದಾಳ. ಹಬ್ಬದ ದಿನ ನೀ ಬಂದಿ, ಚಲೋ ಆತು" ಎಂದು ತಲೆ ಸವರಿದರು.

ಅಷ್ಟರಲ್ಲಿ ಅಪ್ಪ ಬರಿಗಾಲಲ್ಲಿ ಓಡಿಬಂದರು. ಬೈಯಲಿಲ್ಲ, ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಆಮೇಲೆ ಆ ಅಮ್ಮನಿಗೆ ಕೈಮುಗಿದು ಹರುಕುಮುರುಕು ಹಿಂದಿಯಲ್ಲಿ ಏನೋ ಹೇಳಹೊರಟರು.

"ಕನ್ನಡದಾಗ ಮಾತಾಡ್ರಿ ಅಣ್ಣಾರ. ನಾವು ಮುಂಡಗೋಡದಾವ್ರು."

ಅಪ್ಪ ಬೆರಗಾದರು. "ಅದಕ್ಕಿಂತ ಮೊದ್ಲು ಯಾವ ಊರ್ರೀ?"

"ಟಿಬೆಟ್ ರೀ. ಹಿಮದ ಗುಡ್ಡ ದಾಟಿ ಬರೂಮುಂದ ನಾ ಅವ್ವನ ಬೆನ್ನಮ್ಯಾಲಿನ ಕೂಸು. ಊರು ಹೆಂಗಿತ್ತೋ, ನನಗೊಂದೂ ನೆನಪಿಲ್ಲ." ಹಾಗೆಂದು ಅವರು ಕಡಲಿನತ್ತ ನೋಡಿದರು.

ಅಪ್ಪ ಅವರ ಚಾಪೆಯ ಅಂಚಿನಲ್ಲಿ ಕೂತರು. ಆಮೇಲೆ ಹೇಳಿದರು: "ಹಬ್ಬದ ದಿನ ಒಬ್ರ ಉಣ್ಣಬಾರದ್ರಿ. ನಮ್ಮ ಮನಿಗಿ ಬರ್ರಿ."

ಸಂಜೆ ಅವರು ನಮ್ಮೊಂದಿಗೇ ಬಂದರು. ಬಾಗಿಲಲ್ಲೇ ಒಂದು ಬಿಳಿ ರೇಷ್ಮೆ ವಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಕೊರಳಿಗೆ ಹಾಕಿದರು. ಅದು ಅವರ ಗೌರವದ ರೀತಿ. ಅವ್ವ ಮದುಮಗಳಂತೆ ನಾಚಿ ನಿಂತಳು. ನಂತರ ಇಬ್ಬರೂ ಒಲೆಯ ಮುಂದೆ ಕೂತು, ಹೋಳಿಗೆ ತಟ್ಟುತ್ತ ತಮ್ಮ ತಮ್ಮ ಊರಿನ ಸುದ್ದಿ ಹೇಳಿಕೊಂಡರು.

ಮಕ್ಕಳೇ, ಈಗ ನಿಮ್ಮ ಕೈಯಲ್ಲಿ ದಾರಿ ತೋರಿಸುವ ಫೋನಿದೆ. ಸಂತೆಯಲ್ಲಿ ಕಳೆದುಹೋಗುವ ಹೆದರಿಕೆಯಿಲ್ಲ, ಒಳ್ಳೆಯದೇ ಆಯಿತು. ನಿಮ್ಮ ತರಗತಿಗೆ ಟಿಬೆಟಿನ ಹುಡುಗಿಯೊಬ್ಬಳು ಮುಂಡಗೋಡದಿಂದ ಹೊಸದಾಗಿ ಬಂದಿದ್ದಾಳೆ, ಯಾರೊಂದಿಗೂ ಮಾತಾಡುವುದಿಲ್ಲ ಎಂದಿರಲ್ಲ? ನಾಳೆ ಅವಳ ಪಕ್ಕದಲ್ಲಿ ಕೂತು, "ಊಟ ಆತೇನು?" ಎಂದು ಕೇಳಿ ನೋಡಿ.